ಜ್ವರದಲ್ಲಿ ಬಿಟ್ಟ ಮಾತ್ರೆ

ಕುಮಟೆಯಿಂದ ಹೊರಟ ಆಂಬುಲೆನ್ಸಿನಲ್ಲಿ ನನ್ನನ್ನು ಅಂಗಾತ ಮಲಗಿಸಿ ಬೆಲ್ಟು ಬಿಗಿದಿದ್ದರು. ಕಾಣುತ್ತಿದ್ದುದು ಮೇಲಿನ ಬಿಳಿ ತಗಡು ಮತ್ತು ಹೆಂಡತಿಯ ಗಲ್ಲ, ಅಷ್ಟೇ. ನಮ್ಮ ಕಡೆ ಎದೆ ಹಿಡಿದುಕೊಂಡವರೆಲ್ಲ ಜಿಲ್ಲೆ ದಾಟಿ ದಕ್ಷಿಣಕ್ಕೆ ಓಡಬೇಕು. ಹಾಗೆ ಓಡಿದವರ ಗಾಡಿಯ ಬಾಗಿಲು ನಾನೇ ಎಷ್ಟೋ ಸಲ ಹಾಕಿದ್ದೆ. ಒಳಗೆ ಮಲಗಿದವನಿಗೆ ದಾರಿ ಎಷ್ಟು ಉದ್ದ ಅಂತ ಅವತ್ತು ತಿಳಿಯಿತು.

ಅದಕ್ಕೂ ಎರಡು ವರ್ಷದ ಹಿಂದೆ ನನ್ನ ಹೃದಯದ ರಕ್ತನಾಳಕ್ಕೆ ಸ್ಟೆಂಟ್ ಹಾಕಿದ್ದರು. ರಕ್ತ ಹೆಪ್ಪುಗಟ್ಟದಂತೆ ಕೊಟ್ಟ ಮಾತ್ರೆ ಒಂದು ದಿನವೂ ತಪ್ಪಬಾರದು ಅಂದಿದ್ದರು. ತಪ್ಪಿಸಿರಲೂ ಇಲ್ಲ, ಆ ಫ್ಲೂ ಜ್ವರ ಬರುವವರೆಗೆ. ಹಿರೇಗುತ್ತಿಯ ನಮ್ಮ ಮನೆಯಲ್ಲಿ ಜ್ವರ ಅಂದರೆ ಗಂಜಿನೀರು, ಕಾಳುಮೆಣಸಿನ ಕಷಾಯ, ಕಟ್ಟುನಿಟ್ಟಿನ ಪಥ್ಯ.

“ಜ್ವರದ ಮೈಗೆ ಆ ಉಷ್ಣದ ಮಾತ್ರೆ ಎಂತಕ್ಕೆ? ಅದೂ ಖಾಲಿ ಹೊಟ್ಟೆಗೆ. ಜ್ವರ ಬಿಡುವವರೆಗೆ ಬೇಡ,” ಅಂದಳು ಹೆಂಡತಿ.

ಲಂಘನಂ ಪರಮೌಷಧಂ ಅಂತ ನಾನೂ ತಲೆಯಾಡಿಸಿದೆ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಕರಿಹಲಗೆಯ ಮೇಲೆ ಹೃದಯದ ಚಿತ್ರ ಬರೆದು ಮಕ್ಕಳ ಕಿವಿ ಹಿಂಡಿದ ವಿಜ್ಞಾನದ ಮಾಸ್ತರ ನಾನು. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ!

ಐದನೇ ದಿನ ಬೆಳಿಗ್ಗೆ ಎದೆ ಹಿಂಡಿತು. ಕೆಮ್ಮಿ ಕೆಮ್ಮಿ ಹಿಡಿದುಕೊಂಡಿದೆ ಅಂತ ಅವಳು ಕರ್ಪೂರದ ಎಣ್ಣೆ ತಿಕ್ಕಿದಳು. ನೋವು ಎಡಗೈಗೆ ಇಳಿದು ಮೈ ಬೆವತಾಗ ಕುಮಟೆಗೆ ಒಯ್ದರು. ಅಲ್ಲಿಯ ಡಾಕ್ಟರು ಇಸಿಜಿ ನೋಡಿದವರೇ, ಒಂದು ಇಂಜೆಕ್ಷನ್ ಚುಚ್ಚಿ ಈ ಗಾಡಿ ಹತ್ತಿಸಿದರು.

ಗಾಲಿಯ ಸದ್ದು ಬದಲಾದಾಗ ಹೊನ್ನಾವರದ ಸೇತುವೆ ಅಂತ ಗೊತ್ತಾಯಿತು. ಹುಟ್ಟಿದಾಗಿನಿಂದ ಓಡಾಡಿದ ದಾರಿ, ಒಂದು ಮರವೂ ಕಾಣದು. ಭಟ್ಕಳದಲ್ಲಿ ಗಾಡಿ ನಿಂತೇಬಿಟ್ಟಿತು. ಹೊರಗೆ ಯಾರೋ ಉರ್ದುವಿನಲ್ಲಿ ಕೂಗಾಡಿ ದಾರಿ ಬಿಡಿಸುತ್ತಿದ್ದರು. “ಎಂತ ಆಗ್ತದೆ?” ಅಂತ ಹೆಂಡತಿ ಕೇಳಿದಳು. ಏನೂ ಇಲ್ಲ ಅಂದೆ. ಇಲ್ಲೇ ಸಾಯುತ್ತೇನೆ ಅಂತಲೇ ಅನಿಸಿತ್ತು. ಏಳುವಂತಿಲ್ಲ, ಇಳಿಯುವಂತಿಲ್ಲ.

ದೊಡ್ಡ ಆಸ್ಪತ್ರೆಯಲ್ಲಿ ಜೀವ ಉಳಿಸಿದರು. ಮಾತ್ರೆ ಯಾಕೆ ಬಿಟ್ಟಿರಿ ಅಂತ ಡಾಕ್ಟರು ಕೇಳಿದಾಗ, ಮರೆತೆ ಅಂದೆ.

“ಮರ್ತದ್ದಲ್ಲ, ನಾನೇ ಬೇಡ ಅಂದದ್ದು,” ಅಂದಳು ಅವಳು.

ಡಾಕ್ಟರು ಬೈಯಲಿಲ್ಲ. ವೈರಸ್ ಹೊಕ್ಕರೆ ರಕ್ತನಾಳಕ್ಕೂ ಉರಿಯೂತ ಬರುತ್ತದೆ, ಗೋಡೆಗೆ ಕಟ್ಟಿದ ಕೊಬ್ಬು ಬಿರಿಯಬಹುದು, ರಕ್ತ ಬೇಗ ಹೆಪ್ಪುಗಟ್ಟುತ್ತದೆ ಅಂತ ಅವಳಿಗೇ ತಿಳಿಸಿ ಹೇಳಿದರು. “ಉಳಿದ ದಿನಗಳಿಗಿಂತ ಆ ಐದು ದಿನವೇ ಮಾತ್ರೆ ಹೆಚ್ಚು ಬೇಕಿತ್ತಮ್ಮ.” ಅವಳು ಸೆರಗಿನ ತುದಿ ಹಿಡಿದು ಕೇಳಿಸಿಕೊಂಡಳು.

ಅಂದಿನಿಂದ ನಾನು ಕೈದಿ. ಸೀನಿದವರು ಹೊಸ್ತಿಲು ತುಳಿಯುವಂತಿಲ್ಲ. ಕಾಗಾಲ ಊರಿನ ಮದುವೆಗೆ ಹೋಗುವಂತಿಲ್ಲ, ಬಸ್ಸು ಹತ್ತುವಂತಿಲ್ಲ. ಪ್ರತಿ ವರ್ಷ ನನಗೆ ಫ್ಲೂ ಲಸಿಕೆ ಹಾಕಿಸುತ್ತಾಳೆ. ತಾನು ಮಾತ್ರ ಹಾಕಿಸಿಕೊಳ್ಳುವುದಿಲ್ಲ, “ನನಗೆಂತ ಆಗ್ತದೆ?” ಜೈಲಿನವರಿಗಾದರೂ ಬಿಡುಗಡೆಯ ತಾರೀಖು ಇರುತ್ತದೆ ಅಂತ ನಾನು ಕೂಗಾಡಿದ್ದಿದೆ. ಅವಳು ಮಾತ್ರೆ, ನೀರು ತಂದು ಮುಂದಿಡುತ್ತಿದ್ದಳು. ಅದು ನನಗೆ ಇನ್ನೂ ಸಿಟ್ಟು ತರುತ್ತಿತ್ತು.

ಈ ವಾರ ಅವಳಿಗೇ ಜ್ವರ. ಜಗಲಿಯ ಪಕ್ಕದ ಕೋಣೆ ಸೇರಿ ಒಳಗಿನಿಂದ ಚಿಲಕ ಹಾಕಿಕೊಂಡಿದ್ದಾಳೆ. ಪಕ್ಕದ ಮನೆಯಾಕೆ ಮೂಗು ಮುಚ್ಚಿಕೊಂಡು ಕಿಟಕಿಯಲ್ಲಿ ಗಂಜಿ ಕೊಟ್ಟು ಹೋಗುತ್ತಾಳೆ. ನಾಲ್ಕು ದಿನದಿಂದ ನಾನು ಗೋಡೆಯ ಈಚೆ ಕೂತು ಆ ಕೆಮ್ಮು ಕೇಳುತ್ತಿದ್ದೇನೆ.

ಮದುವೆಯಾಗಿ ಇಷ್ಟು ವರ್ಷದಲ್ಲಿ ಅವಳಿಗೆ ನಾನು ಒಂದು ಲೋಟ ನೀರು ಕೊಟ್ಟ ನೆನಪಿಲ್ಲ. ಇವತ್ತು ಬಿಸಿನೀರು ಕಾಯಿಸಿ ತಂದು ಬಾಗಿಲು ಬಡಿದೆ.

“ಅಲ್ಲೇ ಇಡಿ. ನೀವು ಅಂಗಳಕ್ಕೆ ಇಳಿದ ಮೇಲೆ ತೆಗೀತೇನೆ.”

ಇಳಿದು ನಿಂತೆ. ಬಾಗಿಲು ಒಂದು ಗೇಣು ತೆರೆಯಿತು. ಕೈಯೊಂದು ಬಂದು ಲೋಟ ತೆಗೆದುಕೊಂಡಿತು. ಮುಖ ನೋಡಬೇಕಿತ್ತು, ಕಾಣಲಿಲ್ಲ.