ಹಾನುಬಾಳಿಗೆ ಹೋಗುವ ಕುರ್ಚಿ ಬಸ್ಸು

ಸಕಲೇಶಪುರದ ನಮ್ಮ ತರಬೇತಿ ಕೇಂದ್ರದಲ್ಲಿ ಒಂದು ಬಸ್ಸಿತ್ತು. ಎರಡು ಸಾಲು ಪ್ಲಾಸ್ಟಿಕ್ ಕುರ್ಚಿ, ಸ್ಟಿಯರಿಂಗಿಗೆ ಅನ್ನದ ಪಾತ್ರೆಯ ಮುಚ್ಚಳ. ಕಲಿಯುವುದು ನಿಧಾನ ಎಂದು ಶಾಲೆಗಳು ಕೈಬಿಟ್ಟ ನಮ್ಮಂಥವರಿಗೆ ಕೆಲಸ, ಓಡಾಟ, ಅಂಗಡಿ ವ್ಯವಹಾರಗಳನ್ನೆಲ್ಲ ಅಭ್ಯಾಸ ಮಾಡಿಸುವ ಜಾಗ ಅದು. ನನ್ನ ಕಣ್ಣೆದುರು ಅಕ್ಷರಗಳು ಒಂದೆಡೆ ನಿಲ್ಲುವುದಿಲ್ಲ. ಆದರೆ ಯಾರ ದನಿಯಾದರೂ ನನ್ನ ಗಂಟಲಲ್ಲಿ ಬಂದು ಕೂರುತ್ತದೆ. ಹೀಗಾಗಿ ಟೀಚರ್ ನನ್ನನ್ನು ಕಂಡಕ್ಟರ್ ಮಾಡಿದರು. ಬೋರ್ಡು ಓದಲು ಬಾರದ ಕಂಡಕ್ಟರ್! ಇದನ್ನೂ ಫೋನಿಗೆ ಹೇಳಿ ಬರೆಸುತ್ತಿದ್ದೇನೆ. ತಪ್ಪಿದ್ದರೆ ಫೋನನ್ನು ಬೈಯಿರಿ.

ನನ್ನ ಖಾಯಂ ಪ್ರಯಾಣಿಕಳು ಜೊತೆಯಲ್ಲೇ ಕಲಿಯುತ್ತಿದ್ದ ಗೆಳತಿ. ಅವಳಿಗೆ ಎಲ್ಲವೂ ನಿನ್ನೆಯ ಹಾಗೇ ನಡೆಯಬೇಕು. ಉಪ್ಪಿಟ್ಟಿನ ದಿನ ಅವಲಕ್ಕಿ ಬಂದರೆ ಅಡುಗೆಯವರಿಗೆ ವಿಚಾರಣೆ. ಹಾನುಬಾಳಿನ ಕಾಫಿಪುಡಿ ಅಂಗಡಿಯಲ್ಲಿ ಪೊಟ್ಟಣ ಕಟ್ಟುವ ಕೆಲಸ ಅವಳಿಗಾಗಿ ಕಾದಿತ್ತು. ಸಾಹುಕಾರರದು ಒಂದೇ ಷರತ್ತು.

"ಕರ್ಕೊಂಡ್ ಬರೋಕೊಬ್ರು, ಬಿಡೋಕೊಬ್ರು ಅಂದ್ರೆ ಆಗಕಿಲ್ಲ ಕಣಮ್ಮ. ಸೋಮವಾರ ಒಬ್ಳೇ ಬಸ್ಸಲ್ಲಿ ಬಾ, ಕೆಲ್ಸ ನಿಂದೇ. ಇಲ್ದಿದ್ರೆ ಬೇರೆಯವ್ರು ಕಾಯ್ತಾವ್ರೆ."

ಅವಳಿಗೆ ಆ ಕೆಲಸ ಎಷ್ಟು ಬೇಕಿತ್ತೆಂದರೆ, ಅದಕ್ಕೆಂದು ಹೊಲಿಸಿದ ಏಪ್ರನ್ ಹಾಕಿಕೊಂಡು ಆಗಲೇ ಒಂದು ಮದುವೆಗೂ ಹೋಗಿ ಬಂದಿದ್ದಳು.

ದಿನವೂ ಕುರ್ಚಿ ಬಸ್ಸು ಹಾನುಬಾಳಿಗೆ ಹೊರಡುತ್ತಿತ್ತು. ಹೆಂಗಸರಿಗೆ ಬಸ್ಸು ಪುಕ್ಕಟೆಯಾದ್ದರಿಂದ ಅವಳು ಆಧಾರ್ ಕಾರ್ಡು ತೋರಿಸುವಳು. ನಾನು ಫೋಟೋ ನೋಡಿ, "ನಿಮ್ಮಜ್ಜಿ ತರ ಇದ್ದೀಯಲ್ಲ!" ಎಂದು ನಗಾಡಿ ಟಿಕೆಟ್ ಹರಿಯುವೆ. ಊರು ಬಂದಾಗ ಮೂಗಿನಲ್ಲೇ ಕೂಗುವೆ: "ಹಾನ್‌ಬಾಳ್ ಇಳಿಯೋರು ಬಾಗ್ಲಿಗೆ ಬರ್ರೋ! ಇಲ್ದಿದ್ರೆ ಮೂಡಿಗೆರೆಗೆ ಸೊಸೆಯಾಗಿ ಹೋಗ್ತೀರ!" ಅವಳು ಇಳಿಯುವಳು. ಟೀಚರ್ ಚಪ್ಪಾಳೆ ತಟ್ಟುವರು. ನನ್ನ ತಮಾಷೆಯನ್ನೂ ಅವಳು ಪಾಠ ಎಂದೇ ಕಲಿಯುತ್ತಿದ್ದಾಳೆಂದು ಯಾರಿಗೂ ಹೊಳೆಯಲಿಲ್ಲ.

ಸೋಮವಾರ ಬಂತು. ಟೀಚರ್ ಮಂಗಳೂರು ಕಡೆಯವರು. "ನೀನು ಹಿಂದಿನ ಸೀಟಲ್ಲಿ ಕೂತು ನೋಡು ಮಾರಾಯ. ಬಾಯಿ ಮಾತ್ರ ತೆಗೀಬೇಡ. ನೀನು ಸಹಾಯ ಮಾಡಿದ್ರೆ ಅದು ಒಬ್ಬಳೇ ಹೋದ ಹಾಗೆ ಆಗುದಿಲ್ಲ" ಎಂದರು. ಮಂಕಿ ಕ್ಯಾಪ್ ಎಳೆದುಕೊಂಡು ನಾನು ಕೊನೆಯ ಸೀಟಿನಲ್ಲಿ ಕೂತೆ.

ನಿಜವಾದ ಕಂಡಕ್ಟರು ಕಾರ್ಡು ನೋಡಿದ, ಟಿಕೆಟ್ ಕೊಟ್ಟ, ಮುಂದೆ ಹೊರಟ.

"ಅಣ್ಣಾ, ಇನ್ನೂ ಮುಗ್ದಿಲ್ಲ" ಎಂದಳು ಇವಳು.

"ಟಿಕೆಟ್ ಕೊಟ್ನಲ್ಲಮ್ಮ?"

"ಫೋಟೋ ನೋಡಿ ನಗಾಡ್ಲಿಲ್ಲ ನೀವು."

"ನಾನ್ಯಾಕ್ ನಗಾಡ್ಲಿ?"

"ನಿಮ್ಮಜ್ಜಿ ತರ ಇದ್ದೀಯಲ್ಲ ಅನ್ಬೇಕು. ಆಮೇಲೆ ಮುಂದಕ್ ಹೋಗ್ಬೇಕು."

ಕಂಡಕ್ಟರು ಸುತ್ತ ನೋಡಿದ. ಕೋಳಿ ಬುಟ್ಟಿ ಹಿಡಿದ ಹೆಂಗಸೊಬ್ಬಳು, "ಅಂದ್ಬುಡಪ್ಪ ಅತ್ಲಾಗೆ! ಮಿಕ್ಕೋರ್ಗೂ ಟಿಕೆಟ್ ಬೇಕು" ಎಂದಳು.

"ನಿಮ್ಮಜ್ಜಿ ತರ ಇದ್ದೀಯಲ್ಲ" ಎಂದ ಆತ, ಸಾವಿನ ಸುದ್ದಿ ತಿಳಿಸುವವನಂತೆ.

"ನಗ್ಲಿಲ್ಲ."

ಆತ ನಕ್ಕ. ಆ ನಗು ನೋಡಿ ಒಂದು ಮಗು ಅಳಲು ಶುರುಮಾಡಿತು. ನನ್ನ ಪಕ್ಕದವರು, "ಈ ಹುಡ್ಗಿಗೆ ಇದ್ಯಾವನು ಕಲ್ಸಿದ್ನೋ!" ಎಂದರು. ನಾನು ಕ್ಯಾಪನ್ನು ಗಲ್ಲದವರೆಗೂ ಇಳಿಸಿದೆ.

ಹಾನುಬಾಳು ಬಂತು. ಕಂಡಕ್ಟರು ಗ್ಯಾಸ್ ಸಿಲಿಂಡರಿನ ವಿಷಯಕ್ಕೆ ಹೆಂಡತಿಯೊಂದಿಗೆ ಫೋನಿನಲ್ಲಿ ಜಗಳಕ್ಕೆ ನಿಂತಿದ್ದ. ಜನ ತಾವಾಗಿ ಇಳಿದರು. ಇವಳು ಮಾತ್ರ ಬ್ಯಾಗು ತಬ್ಬಿ ಅವನ ಬಾಯನ್ನೇ ನೋಡುತ್ತ ಕೂತಳು. ಕೂಗದಿದ್ದರೆ ಅದು ಹಾನುಬಾಳೇ ಅಲ್ಲ! ಕೂಗು ನನ್ನ ಗಂಟಲಿಗೆ ಬಂದು ನಿಂತಿತ್ತು. ಕೂಗಿದರೆ ಅವಳು ಒಬ್ಬಳೇ ಬಂದ ಹಾಗಾಗದು, ಕೂಗದಿದ್ದರೆ ಮೂಡಿಗೆರೆ. ಜಗಳದ ನಡುವೆಯೇ ಕಂಡಕ್ಟರು ಡಬಲ್ ಸೀಟಿ ಊದಿದ. ಬಸ್ಸು ಕದಲಿತು. ನಾನು ಕ್ಯಾಪಿನ ಅಂಚು ಕಚ್ಚಿಕೊಂಡೆ.

ಅವಳು ಎದ್ದು ನಿಂತಳು.

"ಹಾನ್‌ಬಾಳ್ ಇಳಿಯೋರು ಬಾಗ್ಲಿಗೆ ಬರ್ರೋ! ಇಲ್ದಿದ್ರೆ ಮೂಡಿಗೆರೆಗೆ ಸೊಸೆಯಾಗಿ ಹೋಗ್ತೀರ!"

ನನ್ನದೇ ದನಿ, ನನ್ನದೇ ಮೂಗು. ಡ್ರೈವರು ಗಕ್ಕನೆ ಬ್ರೇಕ್ ಹಾಕಿದ. ನಿದ್ದೆಹೋಗಿದ್ದ ಅಜ್ಜನೊಬ್ಬ ಗಾಬರಿಯಿಂದೆದ್ದು, "ನಂದೂ ಇಳಿಯೋದೈತೆ, ನಂದೂ ಐತೆ" ಎನ್ನುತ್ತ ಇಳಿದ. ಅವನ ಹಿಂದೆ ಇಳಿದ ಇವಳು ಕಂಡಕ್ಟರನತ್ತ ತಿರುಗಿ, "ನಾಳೆಯಿಂದ ನೀವೇ ಕೂಗಿ ಅಣ್ಣ. ನಂಗೆ ಕೆಲ್ಸ ಐತೆ" ಎಂದಳು.

ನಾನು ಇಷ್ಟು ಕೆಟ್ಟದಾಗಿ ಮೂಗಿನಲ್ಲಿ ಮಾತಾಡುತ್ತೇನೆಯೇ ಎಂದು ಯೋಚಿಸುತ್ತ ಕೂತೆ. ಯೋಚನೆ ಮುಗಿಯುವಷ್ಟರಲ್ಲಿ ಹಾನುಬಾಳು ಹಿಂದೆ ಹೋಗಿತ್ತು. ಮುಂದಿನ ಸ್ಟಾಪಿನಲ್ಲಿ ಇಳಿದು, ಕೂಲಿಯವರ ಜೀಪಿನ ಹಿಂದೆ ಜೋತುಬಿದ್ದು ವಾಪಸ್ಸು ಬಂದೆ.

ಅಂಗಡಿಯಲ್ಲಿ ಅವಳು ಏಪ್ರನ್ ತೊಟ್ಟು ಪೊಟ್ಟಣ ಕಟ್ಟುತ್ತಿದ್ದಳು. ಒಂದೂ ಸೊಟ್ಟಗಿರಲಿಲ್ಲ.

"ಯಾರಮ್ಮ ಇದು, ಮಂಕಿ ಕ್ಯಾಪು?" ಎಂದರು ಸಾಹುಕಾರರು.

"ನಮ್ ಕಂಡಕ್ಟರು ಸಾರ್. ಬಸ್ಸಲ್ಲಿ ಹಿಂದ್ಗಡೆ ಕೂತಿದ್ದ, ಇಳಿಯೋದೇ ಮರ್ತ್‌ಬುಟ್ಟ" ಎಂದಳು ಅವಳು, ಕೈ ನಿಲ್ಲಿಸದೆ. "ಅವಂದು ಇನ್ನೂ ಟ್ರೇನಿಂಗ್ ನಡೀತೈತೆ."