ಅಂಗಾತ ಮಲಗಿದ ಚಿಪ್ಪು

ಚಿಪ್ಪಣ್ಣ ಈ ದೇಶಕ್ಕೆ ಬಂದಿಳಿದಾಗ ಎರಡು ಸೂಟ್‌ಕೇಸು, ಒಂದು ಕೈಚೀಲ, ಬಗಲಲ್ಲೊಂದು ಸುತ್ತಿದ ಕಂಬಳಿ ಇದ್ದವು. ಇದಕ್ಕೆ ಅವನ ಹೆಂಡತಿಯೇ ಸಾಕ್ಷಿ. ಯಾಕೆಂದರೆ ಭಾರದ ಸೂಟ್‌ಕೇಸನ್ನು ಎಳೆದವಳು ಅವಳು. ಆದರೆ ಅವನು ದೊಡ್ಡ ಮನುಷ್ಯನಾಗಿ ಭಾಷಣ ಮಾಡತೊಡಗಿದ ಮೇಲೆ ಆ ಸಾಮಾನು ವರ್ಷ ವರ್ಷಕ್ಕೂ ಸವೆಯತೊಡಗಿತು. ಮೊದಲು ಒಂದೇ ಸೂಟ್‌ಕೇಸಾಯಿತು. ಆಮೇಲೆ ಬರೀ ಕೈಚೀಲ. ಈಚೆಗೆ ಒಂದು ಕರವಸ್ತ್ರಕ್ಕೆ ಇಳಿದಿತ್ತು.

"ಇನ್ನೊಂದು ಭಾಷಣ ಆದ್ರೆ ಭಾವ ವಿಮಾನದಿಂದ ಬರೀ ಮೈಯಲ್ಲೇ ಇಳಿದ್ರು ಅಂತಾಗತ್ತೆ" ಎಂದು ಅವಳ ತಮ್ಮ ಹೇಳುತ್ತಿದ್ದ. "ಅಕ್ಕಾ, ಆಗ ನೀನೂ ಜೊತೇಲಿದ್ದೆ ಅಂತ ಎಲ್ಲೂ ಬಾಯಿ ಬಿಡಬೇಡ."

ಚಿಪ್ಪಣ್ಣ ಎಂಬ ಹೆಸರಿಟ್ಟವನೂ ಈ ತಮ್ಮನೇ. ಉಗುರಿನಷ್ಟಗಲದ ಸಿಲಿಕಾನ್ ಚೂರಿನ, ಅಂದರೆ ಚಿಪ್ಪಿನ, ಮೇಲೆ ಊರಗಲದ ಸರ್ಕ್ಯೂಟ್ ಹಿಡಿಸುವುದು ಭಾವನ ಕಸುಬು. ದೊಡ್ಡ ಕಂಪನಿಯೊಂದರಲ್ಲಿ ಅದನ್ನೇ ಮಾಡಿಕೊಂಡು ಹಾಯಾಗಿದ್ದವನು, ಮೇಲಧಿಕಾರಿ ತನ್ನ ಹೆಸರನ್ನು ದಿನಕ್ಕೊಂದು ತರಹ ಕರೆಯುತ್ತಾನೆಂದು ರೇಗಿ ರಾಜೀನಾಮೆ ಬಿಸಾಕಿ ಬಂದ. ಆ ಮೇಲಧಿಕಾರಿ ತನ್ನ ಸ್ವಂತ ಮಕ್ಕಳನ್ನೂ ಹಾಗೆಯೇ ಕರೆಯುತ್ತಿದ್ದನೆಂಬುದು ತಡವಾಗಿ ತಿಳಿಯಿತು.

ಸ್ವಂತ ಕಂಪನಿಗೆ ಟೈರ್ ಅಂಗಡಿಯ ಹಿಂದಿನ ಶೆಡ್ಡು ಬಾಡಿಗೆಗೆ ಸಿಕ್ಕಿತು. ಅಲ್ಲಿ ಬೆಳಿಗ್ಗೆಯಿಂದ ಸಂಜೆಯವರೆಗೆ ರಬ್ಬರಿನ ವಾಸನೆ. ಕೂತು ಎದ್ದ ಮೇಲೆ ಊಟವೂ ರಬ್ಬರ್, ನಿದ್ದೆಯೂ ರಬ್ಬರ್. ಪಕ್ಕದಲ್ಲಿ ಲಾರಿಯ ಚಕ್ರಕ್ಕೆ ಸುತ್ತಿಗೆ ಬಿದ್ದಾಗಲೆಲ್ಲ ಇಲ್ಲಿ ಸರ್ಕ್ಯೂಟಿನ ಒಂದು ಗೆರೆ ಪಕ್ಕದ ಗೆರೆಯನ್ನು ಮಾತಾಡಿಸಲು ಹೋಗುತ್ತಿತ್ತು. ಚಿಪ್ಪಣ್ಣ ನಕ್ಷೆ ಬರೆಯುವವನು, ಭಾವಮೈದ ಬೆಸುಗೆ ಹಾಕುವವನು. ಹೆಂಡತಿ ಶಾಲೆಯಲ್ಲಿ ಗಣಿತ ಹೇಳಿ ಬಂದು ಉಳಿದದ್ದನ್ನೆಲ್ಲ ಮಾಡುವವಳು. ಉಳಿದದ್ದು ಎಂದರೆ ಕಂಪನಿ.

ನಕ್ಷೆ ಬರೆಯುತ್ತಿದ್ದದ್ದು ಪಾರದರ್ಶಕ ಹಾಳೆಯ ಮೇಲೆ, ಕೆಳಗಿನಿಂದ ದೀಪ ಉರಿಯುವ ಗಾಜಿನ ಮೇಜಿನಲ್ಲಿ. ಆ ಹಾಳೆಯನ್ನು ದೂರದ ಕಾರ್ಖಾನೆಗೆ ಕಳಿಸಿದರೆ ತಿಂಗಳುಗಟ್ಟಲೆ ಕಾಯಿಸಿ ಅವರು ಚಿಪ್ಪು ಮಾಡಿ ಕಳಿಸುತ್ತಿದ್ದರು. ಹಾಳೆ ಎರಡು ಕಡೆಯಿಂದಲೂ ಒಂದೇ ತರಹ ಕಾಣುವುದರಿಂದ, ಈ ಕಸುಬಿನವರು ಮೂಲೆಯಲ್ಲಿ ಒಂದು ಅಕ್ಷರ ಬರೆಯುವುದು ರೂಢಿ. ಅಕ್ಷರ ನೆಟ್ಟಗೆ ಕಂಡರೆ ಹಾಳೆ ನೆಟ್ಟಗಿದೆ ಎಂದರ್ಥ.

"ಒಂದಕ್ಷರ ಬರೀರಿ ಅಂದ್ರೆ" ಎಂದಳು ಹೆಂಡತಿ.

"ನನ್ನ ಮಗೂನ ಮುಖ ನಂಗೆ ಗೊತ್ತಾಗಲ್ವೇನೇ? ಹಣೆ ಮೇಲೆ ಹೆಸರು ಬರೀಬೇಕಾ?"

ಹೀಗೆನ್ನುವಾಗ ಅವನು ತೊಟ್ಟಿದ್ದ ಬನಿಯನ್ನು ಉಲ್ಟಾ ಇತ್ತು. ಹೊಲಿಗೆ ಹೊರಗೆ, ಲೇಬಲ್ಲು ಗಂಟಲ ಕೆಳಗೆ. ಮದುವೆಯಾದಾಗಿನಿಂದ ದಿನಾ ಬೆಳಿಗ್ಗೆ ಅದನ್ನು ಬಿಚ್ಚಿಸಿ ತಿರುಗಿಸಿ ತೊಡಿಸುವುದು ಅವಳ ಪಾಲಿನ ಕೆಲಸ. ಬನಿಯನ್ನಿಗಾದರೆ ಅವಳಿದ್ದಳು. ಹಾಳೆಗೆ ಯಾರೂ ಇರಲಿಲ್ಲ.

ಕೊನೆಗೂ ಚಿಪ್ಪು ಬಂದವು. ಪೆಟ್ಟಿಗೆ ಬಂದದ್ದು ಬೆಳಿಗ್ಗೆ, ಬಟ್ಟೆ ಒಗೆಯುವ ಯಂತ್ರದ ಕಂಪನಿಯ ಖರೀದಿ ಅಧಿಕಾರಿ ಅವನ್ನು ನೋಡಲು ಬರುವುದು ಮಧ್ಯಾಹ್ನ. ಚಿಪ್ಪಣ್ಣನ ಮನೆಯವರು ಈ ದೇಶದಲ್ಲಿದ್ದದ್ದು ಸ್ವಂತ ಕಂಪನಿಯ ಹೆಸರಿನ ಮೇಲೆ ಸಿಕ್ಕ ವಾಸದ ಪರವಾನಗಿಯಲ್ಲಿ. ಈ ಅಧಿಕಾರಿ ಬೇಡವೆಂದರೆ ಶೆಡ್ಡಿಗೆ ಬೀಗ, ಶೆಡ್ಡಿಗೆ ಬೀಗ ಬಿದ್ದರೆ ಪರವಾನಗಿಗೂ ಬೀಗ. ಮೂವರೂ ಗಂಟುಮೂಟೆ ಕಟ್ಟಬೇಕು. ಚಿಪ್ಪಣ್ಣನಿಗೆ ಇನ್ನೊಂದು ದೇಶ, ಇನ್ನೊಂದು ಭಾಷಣ ಸಿಗುತ್ತಿತ್ತೇನೋ. ಅವಳಿಗೆ ಹಾಗಲ್ಲ. ಅವಳ ಉಚ್ಚಾರಣೆಗೆ ನಗುತ್ತಿದ್ದ ತರಗತಿ ನಗು ನಿಲ್ಲಿಸಿ ಕೈಯೆತ್ತಿ ಪ್ರಶ್ನೆ ಕೇಳತೊಡಗಿದ್ದು ಈ ವರ್ಷವಷ್ಟೇ. ಎಲ್ಲವನ್ನೂ ಮತ್ತೆ ಮೊದಲಿನಿಂದ ಶುರು ಮಾಡುವ ತ್ರಾಣ ಅವಳಲ್ಲಿ ಉಳಿದಿರಲಿಲ್ಲ.

ಭಾವಮೈದ ಒಂದು ಚಿಪ್ಪನ್ನು, ಪರೀಕ್ಷೆಗೆಂದು ತಂದಿಟ್ಟಿದ್ದ ಒಗೆಯುವ ಯಂತ್ರದ ಬೋರ್ಡಿಗೆ ಕೂರಿಸಿ ಸ್ವಿಚ್ ಒತ್ತಿದ. ಯಂತ್ರ ತಿರುಗಲಿಲ್ಲ. ಚಿಪ್ಪಿನಿಂದ ಹೊಗೆ ಎದ್ದಿತು. ಟೈರ್ ಅಂಗಡಿಯವನು ತನ್ನ ಅಂಗಡಿಗೇ ಬೆಂಕಿ ಬಿತ್ತೆಂದು ಬಕೆಟ್ಟು ಹಿಡಿದು ಓಡಿ ಬಂದ. ಇನ್ನೊಂದು ಹಾಕಿದರು. ಮತ್ತೆ ಹೊಗೆ.

ಭಾವಮೈದ ಭೂತಗನ್ನಡಿಯಲ್ಲಿ ನೋಡಿ ಮೆಲ್ಲಗೆ ಕೇಳಿದ: "ಭಾವ, ಚಿಪ್ಪಿನ ಎಡಗಡೆ ತಂತಿ ಕಾಲಿಗೆ ಬರಬೇಕಾದ ಕರೆಂಟು ಬಲಗಡೆ ಯಾಕಿದೆ?"

ಚಿಪ್ಪಣ್ಣ ನೋಡಿದ. ಎಲ್ಲವೂ ಇತ್ತು, ಕನ್ನಡಿಯಲ್ಲಿ ಕಂಡಂತೆ ಇತ್ತು. ಹಾಳೆಯನ್ನು ಮಗುಚಿಟ್ಟು ಕಾರ್ಖಾನೆಗೆ ಕಳಿಸಿದ್ದ.

"ಕಾರ್ಖಾನೆಯವರು ಹಾಳು ಮಾಡಿದ್ರು!" ಎಂದು ಕೂಗಿದ.

"ಹೂಂ, ಪಾಪ. ನೀವು ಕಳಿಸಿದ ಹಾಗೇ ಮಾಡಿಬಿಟ್ಟಿದ್ದಾರೆ" ಎಂದ ಭಾವಮೈದ.

ಚಿಪ್ಪಣ್ಣ ಸಿಟ್ಟಿನಿಂದ ಒಂದು ಚಿಪ್ಪನ್ನು ಮೇಜಿಗೆ ಅಪ್ಪಳಿಸಿದ. ಅದು ಉರುಳಿ, ಸತ್ತ ಜಿರಳೆಯ ಹಾಗೆ ಕಾಲು ಮೇಲೆ ಮಾಡಿ ಅಂಗಾತ ಬಿತ್ತು. ಹೆಂಡತಿ ಅದನ್ನು ನೋಡಿದಳು. ಆಮೇಲೆ ಗಂಡನ ಕತ್ತಿನತ್ತ ನೋಡಿದಳು. ಗಡಿಬಿಡಿಯಲ್ಲಿ ಅವತ್ತು ತಿರುಗಿಸಲು ಆಗಿರಲಿಲ್ಲ, ಲೇಬಲ್ಲು ಇಣುಕುತ್ತಿತ್ತು.

"ರೀ, ಬನಿಯನ್ನು ಉಲ್ಟಾ ಆದ್ರೆ ಏನು ಮಾಡ್ತೀವಿ?"

"ಮನೆ ಮುಳುಗ್ತಾ ಇದೆ, ಇವಳಿಗೆ ಬನಿಯನ್ನಂತೆ!"

"ಬಿಸಾಕಲ್ಲ ಅಲ್ವಾ? ತಿರುಗಿಸ್ತೀವಿ. ಇದನ್ನೂ ತಿರುಗಿಸಿ. ಬೆನ್ನ ಮೇಲೆ ಮಲಗಿಸಿದ್ರೆ ಎಡಗಡೇದು ಬಲಕ್ಕೆ ಬರತ್ತೆ."

ತಮ್ಮ ಆಗಲೇ ಇಕ್ಕಳ ಹಿಡಿದಿದ್ದ. ಚಿಪ್ಪಿನ ಕಾಲುಗಳನ್ನೆಲ್ಲ ಹಿಂದಕ್ಕೆ ಬಗ್ಗಿಸಿ, ಬೋರ್ಡಿನ ಮೇಲೆ ಅಂಗಾತ ಮಲಗಿಸಿ ಬೆಸೆದ. ಸ್ವಿಚ್ ಒತ್ತಿದರೆ ಯಂತ್ರ ತಿರುಗಿತು. ಎಷ್ಟು ಜೋರಾಗಿ ತಿರುಗಿತೆಂದರೆ ಪಕ್ಕದ ಅಂಗಡಿಯ ಟೈರುಗಳಿಗೂ ನಾಚಿಕೆಯಾಗಿರಬೇಕು.

ಮಧ್ಯಾಹ್ನ ಖರೀದಿ ಅಧಿಕಾರಿ ಬಂದು ಬಗ್ಗಿ ನೋಡಿದ. "ಇದೇನ್ರೀ ಇದು, ಹೊಟ್ಟೆ ಮೇಲೆ ಮಾಡಿ ಮಲಗಿದೆ?"

ಹೆಂಡತಿಯ ಉಸಿರು ನಿಂತಿತು. ಚಿಪ್ಪಣ್ಣನ ಉಸಿರು ಮಾತ್ರ ಆಗಲೇ ಭಾಷಣಕ್ಕೆ ಸಜ್ಜಾಗಿತ್ತು.

"ಅದೇ ನಮ್ಮ ವಿಶೇಷ ಸಾರ್. ಮನುಷ್ಯ ಸೆಕೆಯಲ್ಲಿ ಹೇಗೆ ಮಲಗ್ತಾನೆ? ಅಂಗಾತ. ಚಿಪ್ಪಿಗೂ ಹೊಟ್ಟೆಗೆ ಗಾಳಿ ಬೇಕು. ಈ ವಿಚಾರ ಬೇರೆ ಯಾರಿಗೂ ಹೊಳೆದಿಲ್ಲ."

ತಮ್ಮ ಕೆಮ್ಮುತ್ತ ಹೊರಗೆ ಹೋದ. ಖರೀದಿ ಅಧಿಕಾರಿ ಯಂತ್ರ ತಿರುಗುವುದನ್ನು ನೋಡಿ, ಚಿಪ್ಪನ್ನು ಮುಟ್ಟಿ, ತಣ್ಣಗಿದೆ ಎಂದು ತಲೆದೂಗಿದ. ಅದು ತಣ್ಣಗಿದ್ದದ್ದು ಆಗಷ್ಟೇ ಶುರುವಾಗಿದ್ದರಿಂದ. ವ್ಯವಹಾರ ಕುದುರಿತು, ಪರವಾನಗಿ ಉಳಿಯಿತು. ಮರುದಿನ ಅವಳು ತರಗತಿಗೆ ಹೋಗಿ ಯಾವ ಕಾರಣವೂ ಇಲ್ಲದೆ ಎಲ್ಲ ಮಕ್ಕಳಿಗೂ ಪೂರ್ತಿ ಅಂಕ ಕೊಟ್ಟಳು.

ಮುಂದಿನ ಸಲ ಚಿಪ್ಪಣ್ಣ ನಕ್ಷೆಯನ್ನು ಸರಿಪಡಿಸಿ, ಮೂಲೆಯಲ್ಲಿ ದಪ್ಪಕ್ಷರ ಬರೆದು, ನೆಟ್ಟಗಿನ ಚಿಪ್ಪು ಮಾಡಿಸಿ ಕಳಿಸಿದ. ಅಷ್ಟೂ ವಾಪಸ್ ಬಂದವು. "ಇವು ಹೊಟ್ಟೆ ಕೆಳಗೆ ಮಾಡಿ ಮಲಗ್ತವೆ. ದೋಷ ಇದೆ. ಮೊದಲಿನ ತರದ್ದೇ ಕಳಿಸಿ" ಎಂದು ಖರೀದಿ ಅಧಿಕಾರಿ ಫೋನಿನಲ್ಲಿ ಗುಡುಗಿದ. ಅಂದಿನಿಂದ ಚಿಪ್ಪಣ್ಣನ ಕಂಪನಿಯಲ್ಲಿ ನಕ್ಷೆ ಉಲ್ಟಾ ಬರೆಯುವುದೇ ಕೆಲಸವಾಯಿತು. ಶೆಡ್ಡು ಹೋಗಿ ಗಾಜಿನ ಕಟ್ಟಡ ಬಂತು. ದೊಡ್ಡ ದೊಡ್ಡ ವಿಶ್ವವಿದ್ಯಾಲಯಗಳಲ್ಲಿ ನೆಟ್ಟಗೆ ಕಲಿತು ಬಂದವರಿಗೆ ಅಲ್ಲಿ ಅದನ್ನು ಮರೆಯುವ ತರಬೇತಿ ಕೊಟ್ಟರು. ಅಪ್ಪಿತಪ್ಪಿ ಸರಿಯಾಗಿ ಬರೆದ ಒಬ್ಬ ಎಂಜಿನಿಯರಿಗೆ ನೋಟಿಸೇ ಹೋಯಿತು.

ದೂರದೃಷ್ಟಿಗಾಗಿ ಚಿಪ್ಪಣ್ಣನಿಗೆ ಪ್ರಶಸ್ತಿ ಬಂದ ದಿನ ಸಭಾಂಗಣ ಕಿಕ್ಕಿರಿದಿತ್ತು. ಅವನು ಕರವಸ್ತ್ರದ ಕತೆ ಹೇಳಿದ. ಅಂಗಾತ ಚಿಪ್ಪಿನ ವಿಚಾರ ತನಗೆ ನಕ್ಷತ್ರ ನೋಡುತ್ತ ಮಲಗಿದಾಗ ಹೊಳೆಯಿತು ಎಂದ. ಮುಂದಿನ ಸಾಲಿನಲ್ಲಿ ಕೂತಿದ್ದ ಹೆಂಡತಿಯನ್ನು ಪತ್ರಕರ್ತೆಯೊಬ್ಬಳು ಕೇಳಿದಳು: "ನಿಮ್ಮೆಜಮಾನ್ರ ಯಶಸ್ಸಿನ ಗುಟ್ಟೇನು, ಮೇಡಂ?"

"ಏನಿಲ್ಲಮ್ಮ. ಅವರು ಎಲ್ಲಾನೂ ಉಲ್ಟಾನೇ ನೋಡೋದು."

"ಅದ್ಭುತ!" ಎಂದು ಪತ್ರಕರ್ತೆ ಅದನ್ನೇ ತಲೆಬರಹ ಮಾಡಿದಳು.

ವೇದಿಕೆಯ ಮೇಲೆ ಚಿಪ್ಪಣ್ಣನ ಕೊರಳಿಗೆ ಪದಕ ಬಿತ್ತು. ಅವನು ಬಗ್ಗಿದಾಗ ಕೋಟಿನ ಕಾಲರಿನಿಂದ ಬನಿಯನ್ನಿನ ಲೇಬಲ್ಲು ಇಣುಕಿ, ದೀಪದ ಬೆಳಕಿನಲ್ಲಿ ಪದಕಕ್ಕಿಂತ ಚೆನ್ನಾಗಿ ಹೊಳೆಯಿತು.

"ಅಕ್ಕಾ, ಇವತ್ತು ತಿರುಗಿಸ್ಲಿಲ್ವಾ?" ಎಂದು ತಮ್ಮ ಪಿಸುಗುಟ್ಟಿದ.

"ನೋಡಿದ್ದೆ ಕಣೋ" ಎಂದಳು ಅವಳು, ಚಪ್ಪಾಳೆ ತಟ್ಟುತ್ತ. "ಬೇಕಂತಲೇ ಬಿಟ್ಟೆ."