ಬೀಗರ ಕೈಯಿಂದ ಕಿತ್ತ ಎಳನೀರು

ಬೀಗರ ಕೈಯಿಂದ ಎಳನೀರು ಕಿತ್ತು ಚೆಲ್ಲಿದ್ದು ನಾನೇ. ಅದನ್ನು ಊರಿನವರು ಜಿಪುಣತನ ಎಂದರು. ಕಿತ್ತದ್ದು ತಪ್ಪಲ್ಲ. ಮರಗಳಿಗೆ ಗುರುತು ಹಾಕದೆ ಇದ್ದದ್ದು ತಪ್ಪು.

ಎಂಬತ್ತೈದನೇ ಇಸವಿ ಇರಬೇಕು. ಕಪ್ಪು ತಲೆ ಹುಳು ಬಿದ್ದು ನಮ್ಮ ತೆಂಗಿನ ತೋಟ ಬೆಂಕಿ ತಗುಲಿದಂತೆ ಒಣಗಿತ್ತು. ನನ್ನ ಯಜಮಾನರು ಪೇಟೆಯಿಂದ ಔಷಧಿ ತಂದು, ಬೇರು ಓರೆಯಾಗಿ ಕೊಯ್ದು, ಔಷಧಿ ತುಂಬಿದ ಪ್ಲಾಸ್ಟಿಕ್ ಕವರು ಕಟ್ಟಿ ಮಣ್ಣು ಮುಚ್ಚಿದರು. ಬೇರು ಹೀರಿದ ವಿಷ ಕಾಯಿಗೂ ಏರುತ್ತದೆ, ಒಂದೂವರೆ ತಿಂಗಳು ಆ ಮರಗಳ ಕಾಯಿ ಮುಟ್ಟಬೇಡಿ ಎಂದು ಅಂಗಡಿಯವನು ಹೇಳಿದ್ದ. ಔಷಧಿ ಅರ್ಧ ತೋಟಕ್ಕೂ ಸಾಲಲಿಲ್ಲ. ಯಾವ ಮರಕ್ಕೆ ಕಟ್ಟಿದೆವು ಎಂಬ ಗುರುತು ಬೇಡವೇ? ನಮ್ಮ ತೋಟ ನಮಗೆ ಗೊತ್ತಿಲ್ಲವೇ ಎಂಬ ಜಂಭ.

ಎರಡು ವಾರವೂ ಆಗಿರಲಿಲ್ಲ, ಮಗಳು ಸಾವಿತ್ರಿಯ ಮದುವೆ ಮಾತು ಮುಗಿಸಲು ದಂಡಿನಶಿವರದಿಂದ ಗಂಡಿನ ತಂದೆ ಬಂದರು. ನಮ್ಮ ಕಡೆ ಬಂದವರನ್ನು ಎಳನೀರು ಕೊಡದೆ ಕಳಿಸುವುದುಂಟೇ? ನಾನು ತೋಟಕ್ಕೆ ಹೋಗುವಷ್ಟರಲ್ಲಿ ಯಜಮಾನರು ಕೆತ್ತಿಕೊಟ್ಟಾಗಿತ್ತು.

"ಯಾವ ಮರದ್ದು?" ಎಂದೆ.

"ಔಷ್ದಿ ಕಟ್ಟಿದ್ದು ಆಚೆ ಸಾಲಿಗೆ ಕಣೇ. ಇದ್ಕಲ್ಲ, ಅನ್ಸುತ್ತೆ."

ಅನಿಸುತ್ತದಂತೆ! ಬಾಯಿಗೆ ಇಡುತ್ತಿದ್ದವರ ಕೈಯಿಂದ ಕಿತ್ತು ನೆಲಕ್ಕೆ ಸುರಿದೆ. ವಿಷಯ ಹೇಳಿದೆ. ಅವರು ನಂಬಲಿಲ್ಲ.

"ಬೇರಿಗೆ ಇಕ್ಕಿದ ಇಸ ತುದಿಗೆ ಹತ್ತಿ ಬತ್ತದಾ? ಸುಳ್ಳಾದ್ರೂ ನೆಟ್ಗೆ ಹೇಳವ್ವ. ಒಂದು ಎಳನೀರಿಗೆ ಹಿಂಗಾಡೋರು ನಾಳೆ ಮದ್ವೇಲಿ ಅನ್ನ ಇಕ್ಕೀರಾ?" ಎಂದು ಟವೆಲ್ ಕೊಡವಿ ಹೊರಟೇಬಿಟ್ಟರು.

"ಮಗಳ ಮದ್ವೆ ಮುರುದ್ಯಲ್ಲೇ!" ಎಂದರು ಯಜಮಾನರು.

"ಮುರುದ್ರೆ ಇನ್ನೊಂದು ಗಂಡು ನೋಡನ. ಹೆಣ ಬಿದ್ದಿದ್ರೆ?" ಎಂದೆ. ಬಾಯಲ್ಲಿ ಹಾಗಂದೆ ಅಷ್ಟೇ, ಕೂತಲ್ಲಿ ಕೂರಲಾಗಲಿಲ್ಲ. ಸಾವಿತ್ರಿ ನನ್ನ ಮುಖ ನೋಡಲಿಲ್ಲ. ಹಿಟ್ಟು ತಳ ಹತ್ತಿತು. ಹಸುವಿಗೆ ನೀರಿಡುವುದು ಮರೆತೆ. ಆ ಮರಕ್ಕೆ ಔಷಧಿಯನ್ನೇ ಕಟ್ಟಿರದಿದ್ದರೆ? ಸುಮ್ಮನೆ ಮಗಳ ಬಾಳು ಕೆಡಿಸಿದೆನೇ?

ಬೆಳಗ್ಗೆ ಮುಖವನ್ನೂ ತೊಳೆಯದೆ ಗುದ್ದಲಿ ಹಿಡಿದು ಆ ಮರದ ಬುಡ ಅಗೆದೆ. ಮೂರು ಕಡೆ ಏನೂ ಸಿಗಲಿಲ್ಲ. ನಾಲ್ಕನೇ ಕಡೆ ಓರೆಯಾಗಿ ಕೊಯ್ದ ಬೇರು, ಅದಕ್ಕೆ ಕಟ್ಟಿದ ಕವರು. ಔಷಧಿಯನ್ನೆಲ್ಲ ಮರ ಕುಡಿದಿತ್ತು. ತಳದಲ್ಲಿ ವಾಸನೆ ಮಾತ್ರ ಉಳಿದಿತ್ತು.

ಬೇರನ್ನು ಕವರಿನ ಸಮೇತ ಕೊಯ್ದು ಬಾಳೆಲೆಯಲ್ಲಿ ಸುತ್ತಿದೆ. ಮೊದಲ ಬಸ್ಸಿಗೆ ದಂಡಿನಶಿವರಕ್ಕೆ ಹೋಗಿ ಅವರ ಜಗುಲಿಯ ಮೇಲೆ ಬಿಚ್ಚಿಟ್ಟೆ.

"ನೆನ್ನೆ ನಿಮ್ಮ ಕೈಯಿಂದ ಕಿತ್ಕಂಡಿದ್ದು ಇದ್ನ ಕಣಣ್ಣ" ಎಂದೆ.